ಪ್ರೀ-ಡೆಂಟಲ್ ಕ್ಲಬ್ಬೂ, ಸೋಪಿನ ಹಲ್ಲೂ...

ಹೋದ ತಿಂಗಳು ಅಮೆರಿಕದಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. "ಮಾಮ, ಈ ಸಲ ನಾನು ನಮ್ಮ ಕಾಲೇಜಿನ ಪ್ರೀ-ಡೆಂಟಲ್ ಕ್ಲಬ್ಬಿಗೆ ಸೆಕ್ರೆಟರಿ" ಅಂದಳು. ಡೆಂಟಲ್ ಗೊತ್ತು, ಕ್ಲಬ್ಬೂ ಗೊತ್ತು, ಇದೇನಮ್ಮ 'ಪ್ರೀ' ಅಂದೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಮುಗಿಸಿ, ಆಮೇಲೆ ಇನ್ನೂ ನಾಲ್ಕು ವರ್ಷ ಡೆಂಟಲ್ ಸ್ಕೂಲಿಗೆ ಹೋಗಬೇಕು. ಮೊದಲ ನಾಲ್ಕು ವರ್ಷದಲ್ಲೇ ಹಲ್ಲಿನ ಡಾಕ್ಟರಾಗುವ ಆಸೆ ಇರುವವರೆಲ್ಲ ಒಂದು ಸಂಘ ಕಟ್ಟಿಕೊಳ್ಳುತ್ತಾರಂತೆ. ಕ್ಲಿನಿಕ್ಕಿಗೆ ಹೋಗಿ ಡಾಕ್ಟರ ಪಕ್ಕ ನಿಂತು ನೋಡ್ತಾರೆ, ಮೇಣದಲ್ಲಿ ಹಲ್ಲು ಕೆತ್ತುತ್ತಾರೆ, ಸೀನಿಯರುಗಳನ್ನು ಕರೆಸಿ ಪ್ರಶ್ನೆ ಕೇಳ್ತಾರೆ. "ಚೆನ್ನೈನಲ್ಲಿ ಹುಡುಗರು ಏನು ಮಾಡ್ತಾರೆ ಮಾಮ?" ಅಂತ ಕೇಳಿದಳು.

ಏನು ಹೇಳಲಿ? ನಮ್ಮಲ್ಲಿ 'ಪ್ರೀ' ಅಂದರೆ ಕೋಚಿಂಗ್ ಕ್ಲಾಸು. ಅಷ್ಟೇ.

ಪ್ಲಸ್ ಟೂ ಮುಗಿಯುತ್ತಿದ್ದ ಹಾಗೆ ನೀಟ್. 180 ಪ್ರಶ್ನೆ, 720 ಅಂಕ. ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ. ಮುಂದಿನ ಮೂವತ್ತು ವರ್ಷ ಇನ್ನೊಬ್ಬರ ಬಾಯೊಳಗೆ ಕೈಯಿಟ್ಟು ಕೆಲಸ ಮಾಡಬೇಕಾದವರನ್ನು ಆರಿಸುವ ಪರೀಕ್ಷೆಯಲ್ಲಿ, ಕೈ ಹೇಗಿದೆ ಅಂತ ಒಂದು ಪ್ರಶ್ನೆಯೂ ಇಲ್ಲ. ಕೆನಡಾದ ಪ್ರವೇಶ ಪರೀಕ್ಷೆಯಲ್ಲಿ ಬಹಳ ಕಾಲ ಸೋಪಿನ ತುಂಡು ಕೆತ್ತುವ ಪರೀಕ್ಷೆಯೇ ಇತ್ತು. ಇಲ್ಲಿ ರ‍್ಯಾಂಕು ಮೇಲಿದ್ದರೆ ಎಂಬಿಬಿಎಸ್, ಸ್ವಲ್ಪ ಕೆಳಗಿದ್ದರೆ ಬಿಡಿಎಸ್. ಹಲ್ಲು ಅನ್ನೋದು ಮೆಡಿಕಲ್ ತಪ್ಪಿದವರ ಸಮಾಧಾನ ಬಹುಮಾನ ಆಗಿಬಿಟ್ಟಿದೆ.

ಬೇರೆಯವರನ್ನು ಯಾಕೆ ಅನ್ನಲಿ, ನಾನೇ ಮಾಡಿದ್ದು ಅದನ್ನು. 2008ರಲ್ಲಿ ನನ್ನ ಮಗಳು ಪ್ಲಸ್ ಟೂ ಮುಗಿಸಿದಾಗ ತಮಿಳುನಾಡಿನಲ್ಲಿ ಎಂಟ್ರೆನ್ಸ್ ತೆಗೆದು ಒಂದು ವರ್ಷವಾಗಿತ್ತು. ಎಲ್ಲ ಕಟ್-ಆಫ್ ಮೇಲೆ. ಮೆಡಿಕಲ್ ಸ್ವಲ್ಪದರಲ್ಲಿ ತಪ್ಪಿತು. "ಡಾಕ್ಟರ್ ಅಂತ ಬೋರ್ಡು ಬಿದ್ದರೆ ಸಾಕಲ್ಲ" ಅಂದೆ. ಪಿಎಫ್ ಸಾಲ ಎತ್ತಿ ಖಾಸಗಿ ಕಾಲೇಜಿಗೆ ಸೇರಿಸಿದೆ. ಜಾಣೆ, ಪಾಸಾದಳು. ಆದರೆ ಒಂದು ದಿನವೂ ಪ್ರಾಕ್ಟೀಸ್ ಮಾಡಲಿಲ್ಲ. ಈಗ ಮೆಡಿಕಲ್ ಕೋಡಿಂಗ್ ಕಂಪನಿಯಲ್ಲಿದ್ದಾಳೆ, ಅವಳ ಟೀಮಿನಲ್ಲಿ ಬಿಡಿಎಸ್ ಮಾಡಿದವರು ಇನ್ನೂ ಇದ್ದಾರಂತೆ. ಸುಖವಾಗಿದ್ದಾಳೆ, ಅದು ಬೇರೆ ಮಾತು. ಒಮ್ಮೆ ಊಟ ಮಾಡ್ತಾ ಸುಮ್ಮನೆ ಅಂದಳು: "ಅಪ್ಪಾ, ಸೇರೋ ಮುಂಚೆ ಯಾರಾದರೂ ಒಂದೇ ಒಂದು ದಿನ ನನ್ನನ್ನು ಕ್ಲಿನಿಕ್ಕಿನಲ್ಲಿ ಕೂರಿಸಿದ್ದರೆ, ನಾನು ಅವತ್ತೇ ಹೇಳ್ತಿದ್ದೆ, ಇದು ನನಗಲ್ಲ ಅಂತ." ಕೋಪದಿಂದ ಹೇಳಲಿಲ್ಲ, ಅದಕ್ಕೇ ಇನ್ನೂ ಚುಚ್ಚುತ್ತೆ.

ತಂಗಿಯ ಮಗಳ ಫೋನ್ ಬಂದ ಮೇಲೆ ಈ ಮಾತು ಮತ್ತೆ ತಲೆಯಲ್ಲಿ ಕೂತಿತು. ನಮ್ಮ ಫ್ಲಾಟಿನಲ್ಲೇ ಕನ್ನಡದ ಮನೆಗಳ ಮೂರು ಮಕ್ಕಳಿದ್ದಾರೆ. ಒಬ್ಬಳು ಪ್ಲಸ್ ಟೂ, ಇಬ್ಬರು ಹುಡುಗರು ರಿಪೀಟರುಗಳು. ಒಂದು ಶನಿವಾರ ಸಂಜೆ ಮನೆಗೆ ಕರೆದೆ. ಬಟ್ಟೆ ಸೋಪಿನ ಬಾರು ಕತ್ತರಿಸಿ ಇಟ್ಟಿದ್ದೆ, ಜೊತೆಗೆ ತರಕಾರಿ ಹೆಚ್ಚುವ ಸಣ್ಣ ಚಾಕು, ಸ್ಕೇಲು. ಮಗಳನ್ನು ಕಾಡಿ ಬೇಡಿ ಒಪ್ಪಿಸಿದ್ದೆ. ಬಿಡಿಎಸ್ ಮೊದಲ ವರ್ಷದಲ್ಲಿ ಮೇಣದ ತುಂಡಿನಲ್ಲಿ ಹಲ್ಲು ಕೆತ್ತಿಸುತ್ತಾರಲ್ಲ, ಅದನ್ನೇ ಹೇಳಿಕೊಟ್ಟಳು. ಮೇಲ್ದವಡೆಯ ನಡುವಿನ ಬಾಚಿಹಲ್ಲು. ಮೊದಲು ಸೋಪಿನ ಮೇಲೆ ಮುಂದಿನಿಂದ, ಪಕ್ಕದಿಂದ ಕಾಣುವ ಆಕಾರ ಗೀಚಬೇಕು. ಆಮೇಲೆ ಒಂದೊಂದೇ ಕಡೆ ಕೆರೆಯುತ್ತಾ ಬರಬೇಕು. ಒಮ್ಮೆ ಜಾಸ್ತಿ ಹೋದರೆ ಮುಗೀತು, ವಾಪಸ್ಸು ಅಂಟಿಸೋಕಾಗಲ್ಲ.

ಹುಡುಗಿ ಎರಡು ಗಂಟೆ ಏಳಲಿಲ್ಲ, ಕಾಫಿ ಆರಿ ತಣ್ಣಗಾಯ್ತು. ಒಬ್ಬ ಹುಡುಗನ ಹಲ್ಲು ಆಲೂಗಡ್ಡೆ ಥರ ಬಂತು, ಆದರೆ "ಇನ್ನೊಂದು ಸೋಪು ಇದೆಯಾ ಅಂಕಲ್" ಅಂದ. ಮತ್ತೊಬ್ಬ ಹತ್ತೇ ನಿಮಿಷಕ್ಕೆ ಚಾಕು ಕೆಳಗಿಟ್ಟು ಮೊಬೈಲ್ ತೆಗೆದ. "ಅಂಕಲ್, ತಪ್ಪು ತಿಳ್ಕೋಬೇಡಿ, ನನಗೆ ಇದು ಬೋರು" ಅಂದ. ಅವರಮ್ಮನಿಗೆ ಮುಜುಗರ. ನನಗೆ ಮಾತ್ರ ಆ ಸಂಜೆಯ ಬಹಳ ಉಪಯೋಗದ ಮಾತು ಅದೇ ಅನ್ನಿಸ್ತು. ಹತ್ತು ನಿಮಿಷ ಮತ್ತು ಅರ್ಧ ಸೋಪಿನಲ್ಲಿ ಅವನಿಗೆ ಗೊತ್ತಾಗಿದ್ದು, ನಮ್ಮ ಮನೆಯಲ್ಲಿ ಗೊತ್ತಾಗಲು ಐದು ವರ್ಷ ಬೇಕಾಯ್ತು. ಆಲೂಗಡ್ಡೆ ಹುಡುಗನಿಗೆ ಮಗಳು ಹೇಳಿದಳು: ಮೊದಲ ಹಲ್ಲು ಎಲ್ಲರದ್ದೂ ಹಾಗೇ, ಕೈ ಪಳಗುತ್ತೆ, ಮತ್ತೆ ಕೂರೋ ಮನಸ್ಸಿದೆಯಾ ಅಷ್ಟೇ ನೋಡ್ಕೋ ಅಂತ.

ಹಾಗಾಗಿ ಚೆನ್ನೈನ ಕನ್ನಡ ಬಳಗದವರಿಗೆ ನನ್ನದೊಂದು ವಾದ. ಟಿ. ನಗರದಲ್ಲಿ, ಅಯನಾವರದಲ್ಲಿ ನಮಗೆ ಸಂಘಗಳಿವೆ. ರಾಜ್ಯೋತ್ಸವ ಮಾಡ್ತೀವಿ, ಹೆಚ್ಚು ಅಂಕ ತೆಗೆದವರಿಗೆ ಶಾಲು ಹೊದಿಸ್ತೀವಿ. ಅಂಕ ಬಂದ ಮೇಲೆ ಶಾಲು ಹೊದಿಸುವ ಬದಲು, ಬರುವ ಮುಂಚೆ ತಿಂಗಳಿಗೊಂದು ಸಂಜೆ ಹಲ್ಲಿನ ಕೆಲಸದ ರುಚಿ ತೋರಿಸುವ ಒಂದು ಮಕ್ಕಳ ಗುಂಪು ಯಾಕೆ ಬೇಡ? ದಯವಿಟ್ಟು ಅದಕ್ಕೊಂದು ಉದ್ಘಾಟನೆ, ದೀಪ, ಮುಖ್ಯ ಅತಿಥಿಗಳ ಭಾಷಣ ಬೇಡ. ಹಾಗೇ ಅಲ್ಲಿ ನೀಟ್ ಪ್ರಶ್ನೆಪತ್ರಿಕೆಯೂ ಬೇಡ, ಅದಕ್ಕೆ ಊರು ತುಂಬ ಅಂಗಡಿಗಳಿವೆ.

ಮಾಡೋಕೆ ಬೇಕಾದಷ್ಟಿದೆ. ನಮ್ಮ ಮನೆಗಳಲ್ಲಿ ಎಲೆ ಅಡಿಕೆ ಮೆಲ್ಲುವ ಅಜ್ಜ ಅಜ್ಜಿಯರಿದ್ದಾರೆ. ಮಕ್ಕಳು ಅವರ ಮುಂದೆ ನೋಟ್‌ಬುಕ್ ಹಿಡಿದು ಕೂರಲಿ. ಮೊದಲ ಹಲ್ಲು ಯಾವಾಗ ಹೋಯ್ತು, ಯಾಕೆ ಹೋಯ್ತು, ಎಷ್ಟು ವರ್ಷದಿಂದ ಎಲೆ ಅಡಿಕೆ, ಹೊಗೆಸೊಪ್ಪು ಸೇರಿಸ್ತಿದ್ರಾ, ಕೇಳಿ ಬರೆದುಕೊಳ್ಳಲಿ. ರೋಗಿಯ ಮಾತು ಕೇಳಿಸಿಕೊಳ್ಳೋದು ಅರ್ಧ ವೈದ್ಯವಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಅಡಿಕೆ ತೋಟದ ದುಡ್ಡಿನಲ್ಲಿ ಓದಿದ ನಮ್ಮಂಥ ಮಲೆನಾಡಿನವರಿಗೆ ಇದನ್ನು ಹೇಳೋಕೆ ಬಾಯಿ ಬರಲ್ಲ, ಆದರೆ ಮಕ್ಕಳು ತಿಳ್ಕೋಬೇಕಲ್ಲ. ಅಡಿಕೆ ಮೆದ್ದು ಮೆದ್ದು ಬಾಯಿಯ ಒಳಪದರ ಗಟ್ಟಿಯಾದವರಿಗೆ ಮೂರು ಬೆರಳು ಉದ್ದಕ್ಕೆ ಇಡುವಷ್ಟೂ ಬಾಯಿ ತೆರೆಯೋಕಾಗಲ್ಲ ಅನ್ನೋದು ಪುಸ್ತಕದಲ್ಲಿ ಓದಿದರೆ ಮರೆಯುತ್ತೆ, ಅಜ್ಜನ ಜೊತೆ ಮಾತಾಡಿದರೆ ಮರೆಯಲ್ಲ.

ಇನ್ನು ನೀರು. ಹೊಗೇನಕಲ್ ಕುಡಿಯುವ ನೀರಿನ ಯೋಜನೆಗೆ 2008ರಲ್ಲಿ ಎರಡೂ ಕಡೆ ಎಂಥ ಗಲಾಟೆ ಆಯ್ತು! ಆ ವಾರ ನಾವೆಲ್ಲ ಬಸ್ಸಿನಲ್ಲಿ ಕನ್ನಡವನ್ನು ಮೆಲ್ಲಗೆ ಮಾತಾಡಿದ್ದು ನನಗಿನ್ನೂ ನೆನಪಿದೆ. ಆದರೆ ಆ ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ ತಡೆ ಅಂತ ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಧರ್ಮಪುರಿ, ಕೃಷ್ಣಗಿರಿ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ಲೆಕ್ಕ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡಿನ ನೀರು ಕುಡಿದರೆ ಬೀಳುವ ಕಂದು ಕಲೆ ಎಷ್ಟು ಉಜ್ಜಿದರೂ ಹೋಗಲ್ಲ. ನಮ್ಮ ಪಾವಗಡ, ಕೋಲಾರದಲ್ಲೂ ಇದೇ ಕಥೆ. ಗಡಿಯ ಆಚೆ ಈಚೆ ಹಲ್ಲಿನ ಕಲೆ ಒಂದೇ. ಮಕ್ಕಳು ಇದನ್ನು ಹಿಡಿದು ಮಾತಾಡಿದರೆ ರಸಾಯನಶಾಸ್ತ್ರವೂ ಬಂತು, ಇತಿಹಾಸವೂ ಬಂತು.

ಕ್ಲಿನಿಕ್ಕಿನಲ್ಲಿ ಕೂರಿಸೋದು ಸ್ವಲ್ಪ ನಾಜೂಕಿನ ವಿಷಯ. ರೋಗಿ ಒಪ್ಪಬೇಕು, ಮಕ್ಕಳು ಏನನ್ನೂ ಮುಟ್ಟಬಾರದು, ಫೋಟೋ ತೆಗೆಯಬಾರದು, ಕಂಡದ್ದನ್ನು ಹೊರಗೆ ಹೇಳಬಾರದು. ಒಂದು ಸಲಕ್ಕೆ ಒಬ್ಬರೇ ಹೋಗಲಿ. ಚೆನ್ನೈನ ಬೀದಿ ಬೀದಿಯಲ್ಲೂ 'ಪಲ್ ಮರುತ್ತುವಮನೈ' ಬೋರ್ಡಿದೆ, ಪರಿಚಯದ ಒಬ್ಬರು ಒಪ್ಪಿದರೆ ಸಾಕು. (ಹಳಗನ್ನಡದಲ್ಲಿ ನಮ್ಮದೂ 'ಪಲ್' ಏ ಆಗಿತ್ತು, ಆಮೇಲೆ ಹಲ್ಲಾಯ್ತು. ಹೀಗಾಗಿ ಇಲ್ಲಿ ಹಲ್ಲುನೋವು ಹೇಳಿಕೊಳ್ಳೋಕೆ ನಮಗೆ ಅಷ್ಟೇನೂ ಕಷ್ಟವಿಲ್ಲ. ಹುಳುಕು ಹಲ್ಲು 'ಸೊತ್ತೈ ಪಲ್' ಆಗುತ್ತೆ, ಒಸಡು 'ಈರು' ಆಗುತ್ತೆ.) ಕೋಟೆ ಸ್ಟೇಷನ್ ಹತ್ತಿರ 1953ರಿಂದ ಇರುವ ಸರ್ಕಾರಿ ಡೆಂಟಲ್ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಮನೆಯ ಯಾರಿಗಾದರೂ ಹಲ್ಲು ತೋರಿಸೋದಿದ್ದರೆ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆ ಬೆಂಚುಗಳ ಮೇಲೆ ಕಾಯುವವರ ಮುಖ ನೋಡಿದರೆ, ಇದು ಸಮಾಧಾನ ಬಹುಮಾನದ ಕೆಲಸ ಅಲ್ಲ ಅಂತ ಗೊತ್ತಾಗುತ್ತೆ.

ಮತ್ತೆ ಒಂದು ಸಂಜೆ ಅಪ್ಪ ಅಮ್ಮಂದಿರಿಗೆ ಮಾತ್ರ. ಆಗ ತಾನೇ ಕೋರ್ಸ್ ಮುಗಿಸಿದ ಯಾರನ್ನಾದರೂ ಕರೆಸಿ, ಕ್ಲಿನಿಕ್ ಹಾಕೋಕೆ ಛೇರು, ಕಂಪ್ರೆಸರು, ಅಡ್ವಾನ್ಸು ಸೇರಿ ಎಷ್ಟಾಗುತ್ತೆ, ಮೊದಲ ಸಂಬಳ ಎಷ್ಟು ಬಂತು ಅಂತ ಮುಚ್ಚುಮರೆ ಇಲ್ಲದೆ ಕೇಳಬೇಕು. ಮಕ್ಕಳು ಹೊರಗೆ ಆಡಿಕೊಳ್ಳಲಿ. ಕೇಳಬೇಕಾದವರು ನಾವು.

ಎರಡನೇ ಶನಿವಾರ ಮತ್ತೆ ಸೇರ್ತಿದ್ದೀವಿ, ಈ ಸಲ ದವಡೆ ಹಲ್ಲು. ಬೋರು ಅಂದ ಹುಡುಗನೂ ಬರ್ತಾನಂತೆ, ಕೆತ್ತೋಕಲ್ಲ, ನಮ್ಮ ಮನೆಯ ಮಂಡಕ್ಕಿ ಒಗ್ಗರಣೆಗೆ. ಬರಲಿ. ಮಗಳು ಅಟ್ಟದ ಮೇಲಿದ್ದ ತನ್ನ ಹಳೇ ಕೆತ್ತನೆ ಸಾಮಾನಿನ ಡಬ್ಬ ಇಳಿಸಿ, ತುಕ್ಕು ಉಜ್ಜುತ್ತಾ ಕೂತಿದ್ದಾಳೆ. ನಾನು ಏನೂ ಕೇಳಲಿಲ್ಲ.