ಗ್ಯಾಸ್ ಗ್ರಿಲ್ ಕೊಳ್ಳುವ ಮುನ್ನ ಕೊಬ್ಬು ಎಲ್ಲಿ ಬೀಳುತ್ತದೆ ನೋಡಿ

ಬಕ್ರೀದ್ ಹತ್ತಿರ ಬಂದಂತೆ ನಮ್ಮ ಮನೆಗಳಲ್ಲಿ ಹೊಸ ಮಾತೊಂದು ಕೇಳಿಬರುತ್ತಿದೆ: ಈ ಸಲ ಸಿಗಡಿ ಬೇಡ, ಗ್ಯಾಸ್ ಗ್ರಿಲ್ ತರೋಣ. ಕೊಪ್ಪಳ, ಗಂಗಾವತಿಯಲ್ಲಿ ಆನ್‌ಲೈನ್ ಮೂಲಕ ತರಿಸಿಕೊಂಡವರಿದ್ದಾರೆ. ಸೌದಿ, ದುಬೈಯಿಂದ ಬರುವಾಗ ಕಟ್ಟಿಕೊಂಡು ತಂದವರಿದ್ದಾರೆ. ಕುಷ್ಟಗಿ, ಯಲಬುರ್ಗಾ ಕಡೆ ವೆಲ್ಡಿಂಗ್ ಅಂಗಡಿಯವರಿಗೆ ಹೇಳಿ ಮಾಡಿಸಿಕೊಂಡವರೂ ಇದ್ದಾರೆ. "ಹಕೀಮ್ ಸಾಹೇಬರೇ, ಇದ್ದಿಲಿಗಿಂತ ಗ್ಯಾಸ್ ಆರೋಗ್ಯಕ್ಕೆ ಒಳ್ಳೆಯದಲ್ಲವೇ?" ಎಂದು ದವಾಖಾನೆಯಲ್ಲಿ ಕೇಳುವವರಿಗೆ ನಾನು ಹೇಳುವುದಿಷ್ಟೇ: ಒಳ್ಳೆಯದಾಗಬಹುದು, ಆದರೆ ಗ್ಯಾಸ್ ಎಂಬ ಒಂದೇ ಕಾರಣಕ್ಕೆ ಅಲ್ಲ. ಆ ಗ್ರಿಲ್ಲನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹಕೀಮರಿಗೆ ಕಬ್ಬಿಣ, ತಗಡಿನ ಉಸಾಬರಿ ಏಕೆ ಎಂದು ನಿಮಗೆ ಅನಿಸಬಹುದು. ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅಗತ್ಯವಾದ ಆರು ಕಾರಣಗಳನ್ನು ಹೇಳುತ್ತದೆ. ಅವನ್ನು ಅಸ್ಬಾಬೆ ಸಿತ್ತಾ ಜರೂರಿಯಾ ಎನ್ನುತ್ತೇವೆ. ಅದರಲ್ಲಿ ಮೊದಲನೆಯದು ಹವಾ, ಅಂದರೆ ಉಸಿರಾಡುವ ಗಾಳಿ. ಎರಡನೆಯದು ತಿನ್ನುವ, ಕುಡಿಯುವ ಪದಾರ್ಥ. ಗ್ರಿಲ್ ಈ ಎರಡನ್ನೂ ಒಟ್ಟಿಗೇ ಮುಟ್ಟುತ್ತದೆ. ಅದರ ಕಟ್ಟಣೆ ಕೆಟ್ಟದ್ದಾದರೆ ಹೊಗೆ ಬೇಯಿಸುವವರ ಎದೆಗೆ, ಮಸಿ ತಿನ್ನುವವರ ಹೊಟ್ಟೆಗೆ ಹೋಗುತ್ತದೆ.

ಹೊಗೆ ಹುಟ್ಟುವುದು ಎಲ್ಲಿ?

ಇದ್ದಿಲಿನಿಂದ ಹೊಗೆ, ಗ್ಯಾಸಿನಿಂದ ಹೊಗೆ ಇಲ್ಲ ಎಂಬುದು ಅರ್ಧ ಸತ್ಯ. ಕಬಾಬ್ ಸುಡುವಾಗ ಏಳುವ ದಟ್ಟ ಹೊಗೆ ಹೆಚ್ಚಾಗಿ ಕೊಬ್ಬಿನದು. ಮಾಂಸದಿಂದ ಕರಗಿದ ಕೊಬ್ಬು ಬೆಂಕಿಯ ಮೇಲೆ ಬಿದ್ದಾಗ ಸುಟ್ಟು ಹೊಗೆಯಾಗುತ್ತದೆ. ಆ ಹೊಗೆ ಮೇಲೇರಿ ಅದೇ ಮಾಂಸಕ್ಕೆ ಅಂಟುತ್ತದೆ. ಅದರಲ್ಲಿ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕ ವಸ್ತುಗಳಿರುತ್ತವೆ. ಮಾಂಸ ಕಪ್ಪಗೆ ಸೀದರೆ ಇನ್ನೊಂದು ಬಗೆಯ ಹಾನಿಕಾರಕ ವಸ್ತುಗಳು ಮಾಂಸದೊಳಗೇ ಹುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಕೆಂಪು ಮಾಂಸವನ್ನು ಕ್ಯಾನ್ಸರ್ ತರುವ ಸಂಭವವಿರುವ 2ಎ ಗುಂಪಿಗೆ ಸೇರಿಸಿತು. ಹೆಚ್ಚು ಉರಿಯಲ್ಲಿ ಬೇಯಿಸುವಾಗ ಹುಟ್ಟುವ ಈ ವಸ್ತುಗಳ ಬಗ್ಗೆಯೂ ಆಗ ಎಚ್ಚರಿಸಿತು. ವರ್ಷಕ್ಕೆ ಎರಡು ಹಬ್ಬದಲ್ಲಿ ಕಬಾಬ್ ತಿಂದವರು ಹೆದರಬೇಕಿಲ್ಲ. ವಾರವಾರ ತಿನ್ನುವವರು, ದಿನವೂ ಸಂಜೆ ಸುಟ್ಟು ಮಾರುವವರು ಮಾತ್ರ ಇದನ್ನು ಮರೆಯಬಾರದು.

ಆದ್ದರಿಂದ ಗ್ರಿಲ್ಲಿನ ಗುಣಮಟ್ಟ ಅಳೆಯಲು ನನ್ನ ಮೊದಲ ಪ್ರಶ್ನೆ ಇದು: ಕೊಬ್ಬು ಎಲ್ಲಿ ಬೀಳುತ್ತದೆ? ಒಳ್ಳೆಯ ಗ್ರಿಲ್ಲಿನಲ್ಲಿ ಪ್ರತಿ ಬರ್ನರ್ ಮೇಲೂ ಮನೆಯ ಮಾಡಿನ ಹಾಗೆ ಎರಡು ಕಡೆ ಇಳಿಜಾರಾದ ತಗಡು ಇರುತ್ತದೆ. ಕೊಬ್ಬು ಅದರ ಮೇಲೆ ಜಾರಿ, ಉರಿಯನ್ನು ಮುಟ್ಟದೆ, ಕೆಳಗಿನ ತಟ್ಟೆಗೆ ಇಳಿಯುತ್ತದೆ. ಬಿಸಿ ತಗಡಿನಿಂದಲೂ ಸ್ವಲ್ಪ ಹೊಗೆ ಬರುತ್ತದೆ, ಆದರೆ ಉರಿಗೆ ನೇರ ಬಿದ್ದಷ್ಟು ಅಲ್ಲ. ಬರ್ನರ್ ಬದಿಯಲ್ಲಿ ಅಥವಾ ಮೇಲ್ಭಾಗದಲ್ಲಿರುವ ಗ್ರಿಲ್ ಇನ್ನೂ ಉತ್ತಮ. ಬರ್ನರ್ ಕೆಳಗೆ ತೆರೆದಿದ್ದು ಅದರ ನೇರ ಮೇಲೆ ಜಾಲರಿ ಇಟ್ಟಿದ್ದರೆ ಅದು ಗ್ಯಾಸಿನಲ್ಲಿ ಉರಿಯುವ ಹಳೆಯ ಸಿಗಡಿಯೇ ಸರಿ.

ಇದನ್ನು ತಿಳಿಯಲು ಇಂಜಿನಿಯರ್ ಬೇಕಿಲ್ಲ. ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಿ. ಒಲೆ ಹಚ್ಚದೆ, ಜಾಲರಿಯ ಮೇಲೆ ಅಲ್ಲಲ್ಲಿ ಚಮಚದಿಂದ ನೀರು ಬಿಡಿ. ನೀರು ಬರ್ನರಿನ ತೂತುಗಳ ಮೇಲೆ ಬಿದ್ದರೆ ನಾಳೆ ಕೊಬ್ಬೂ ಅಲ್ಲೇ ಬೀಳುತ್ತದೆ. ನೀರೆಲ್ಲ ತಟ್ಟೆಗೆ ಇಳಿದರೆ ಗ್ರಿಲ್ ಮಾಡಿದವನಿಗೆ ಕೆಲಸ ಗೊತ್ತಿದೆ ಎಂದರ್ಥ. ಅಂಗಡಿಯವರು ಒಪ್ಪದಿದ್ದರೆ ಬಗ್ಗಿ ಕಣ್ಣಿನಿಂದಲೇ ನೋಡಿ.

ಜಾಲರಿ, ತಗಡು, ಬಣ್ಣ

ಎರಡನೆಯದು ಮಾಂಸ ಮುಟ್ಟುವ ಲೋಹ. "ಸ್ಟೀಲ್ ಇದೆ ಸಾಹೇಬರೇ, ತುಕ್ಕು ಹಿಡಿಯಲ್ಲ" ಎನ್ನುತ್ತಾರೆ. ಸ್ಟೀಲ್‌ನಲ್ಲಿ ಹಲವು ಬಗೆಗಳಿವೆ. 304 ಎಂಬ ಬಗೆಯಲ್ಲಿ ನಿಕಲ್ ಹೆಚ್ಚಿದ್ದು ಮೊಸರು, ನಿಂಬೆ, ಉಪ್ಪಿನ ಮಸಾಲೆಯನ್ನು ತಾಳುತ್ತದೆ. ಅಗ್ಗದ 202ರಲ್ಲಿ ನಿಕಲ್ ಕಡಿಮೆ, ಅದು ಬೇಗ ಕಲೆಗಟ್ಟುತ್ತದೆ. ಮ್ಯಾಗ್ನೆಟ್ ಅಂಟದಿದ್ದರೆ ಅಸಲಿ ಸ್ಟೀಲ್ ಎಂಬ ನಂಬಿಕೆ ಇದೆ. ಅದನ್ನು ಪೂರ್ತಿ ನಂಬಬೇಡಿ, 202ಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. ಬಿಲ್ಲಿನಲ್ಲಿ ಬಗೆಯ ಸಂಖ್ಯೆ ಬರೆಸಿಕೊಳ್ಳಿ. ತಗಡಿನ ಗೇಜ್ ಕೇಳುವಾಗ ಒಂದು ನೆನಪಿರಲಿ: ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. ತೆಳು ತಗಡು ಕಾದಾಗ ಸೊಟ್ಟಗಾಗುತ್ತದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಒಂದು ಕಡೆ ಮಾಂಸ ಸೀದು ಇನ್ನೊಂದು ಕಡೆ ಹಸಿ ಉಳಿಯುತ್ತದೆ.

ಜಾಲರಿಗೆ ನನ್ನ ಮತ ಬೀಡು ಕಬ್ಬಿಣಕ್ಕೆ. ನಮ್ಮ ಜಿಲ್ಲೆಗೆ ಅದು ಹೊಸದಲ್ಲ. ಗಿಣಿಗೇರಾ ಪಕ್ಕದ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಬೀಡು ಕಬ್ಬಿಣವೇ ತಯಾರಾಗುತ್ತದೆ. ಬೀಡಿನ ಜಾಲರಿ ಭಾರ, ನಿಧಾನಕ್ಕೆ ಕಾಯುತ್ತದೆ, ಆದರೆ ಕಾವನ್ನು ಹಿಡಿದಿಟ್ಟು ಸಮನಾಗಿ ಕೊಡುತ್ತದೆ. ತೊಳೆದ ಮೇಲೆ ಒರೆಸಿ ತೆಳ್ಳಗೆ ಎಣ್ಣೆ ಸವರಿಟ್ಟರೆ ಮಕ್ಕಳ ಕಾಲಕ್ಕೂ ಬರುತ್ತದೆ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವವರಿಗೆ ಮೂರು ಮಾತು ಖಂಡಿತವಾಗಿ ಹೇಳುತ್ತೇನೆ. ಒಂದು, ಸತುವಿನ ಲೇಪವಿರುವ ಜಿಐ ತಗಡನ್ನು ಒಳಭಾಗಕ್ಕೆ ಬಳಸಬೇಡಿ. ವಿಪರೀತ ಕಾದರೆ ಸತುವಿನ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದರೆ ಚಳಿಜ್ವರ, ಮೈಕೈ ನೋವು ಬರುತ್ತದೆ. ಹಳೆಯ ವೆಲ್ಡರುಗಳಿಗೆ ಆ ಜ್ವರ ಗೊತ್ತು. ಎರಡು, ಒಳಗೆ ಬಣ್ಣ ಬಳಿಯಬೇಡಿ. ಮೂರು, ಹಳೆಯ ಫ್ರಿಜ್ಜಿನ ಜಾಲರಿಯನ್ನು ಮಾಂಸ ಸುಡಲು ಬಳಸಬೇಡಿ. ಅದರ ಹೊಳಪು ತಂಪಿಗೆಂದು ಮಾಡಿದ ಲೇಪ, ಬೆಂಕಿಗೆ ಅಲ್ಲ.

ಗ್ಯಾಸ್ ಬರುವ ದಾರಿ

ನಮ್ಮ ಮನೆಯ ಎಲ್‌ಪಿಜಿ ಒಲೆಗಳಿಗೆ ಐಎಸ್ 4246 ಎಂಬ ಭಾರತೀಯ ಮಾನಕವಿದೆ. ಗ್ರಿಲ್ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಪೈಪು, ರೆಗ್ಯುಲೇಟರ್ ಮೇಲಾದರೂ ಇರಲೇಬೇಕು. ಉಕ್ಕಿನ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನೇ ಹಾಕಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಪೈಪು ಗ್ರಿಲ್ಲಿನ ಬಿಸಿ ತಳದ ಕೆಳಗೆ ಹಾಯ್ದು ಹೋಗುವಂತೆ ಜೋಡಿಸಿದ್ದರೆ ಆ ವಿನ್ಯಾಸವೇ ತಪ್ಪು. ಅಂಥದ್ದನ್ನು ಕೊಳ್ಳಬೇಡಿ.

ಹೊರದೇಶದಿಂದ ತಂದ ಗ್ರಿಲ್ಲುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕೆಲವನ್ನು ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಮಾಡಿರುತ್ತಾರೆ. ಅದರ ಜೆಟ್ಟಿನ ತೂತು ದೊಡ್ಡದು. ಅದಕ್ಕೆ ನಮ್ಮ ಸಿಲಿಂಡರ್ ಜೋಡಿಸಿದರೆ ಹಳದಿ ಉರಿ ಎತ್ತರಕ್ಕೆ ಏಳುತ್ತದೆ, ಮಸಿ ಸುರಿಯುತ್ತದೆ. ಅದರ ಜೊತೆ ಬಂದ ರೆಗ್ಯುಲೇಟರ್ ನಮ್ಮ ಸಿಲಿಂಡರಿನ ಬಾಯಿಗೆ ಕೂರದಿದ್ದರೆ ತಂತಿ ಬಿಗಿದು, ರಬ್ಬರ್ ಸುತ್ತಿ ಜುಗಾಡ್ ಮಾಡುವವರಿದ್ದಾರೆ. ಇದು ಸಾವಿನ ಜೊತೆ ಆಟ. ಹಾಗೆಯೇ ಹೋಟೆಲಿನ ಹೈ ಪ್ರೆಶರ್ ರೆಗ್ಯುಲೇಟರನ್ನು ಮನೆ ಗ್ರಿಲ್ಲಿಗೆ ಹಾಕಬೇಡಿ. ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ನೋಡಿ ಒಪ್ಪಿದ ಮೇಲೆಯೇ ಹಚ್ಚಿ.

ಉರಿ ನೀಲಿಯಾಗಿರಬೇಕು. ಹಳದಿ ಉರಿ ಎಂದರೆ ಗ್ಯಾಸಿಗೆ ಗಾಳಿ ಸಾಲುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಹುಟ್ಟುವ ಸಂಭವವಿದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತಿನಿಂದ ಶುರುವಾಗಿ ಜೀವವನ್ನೇ ತೆಗೆಯುತ್ತದೆ. ಗ್ರಿಲ್ಲನ್ನು ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟು ಹಬ್ಬಕ್ಕೆ ತೆಗೆದಾಗ ಬರ್ನರಿನ ಕೊಳವೆಯಲ್ಲಿ ಜೇಡ ಬಲೆ ಕಟ್ಟಿರುತ್ತದೆ, ಧೂಳು ಕೂತಿರುತ್ತದೆ. ಗ್ಯಾಸ್ ಮುಂದೆ ಹೋಗಲಾಗದೆ ಹಿಂದಕ್ಕೆ ಹೊತ್ತಿಕೊಳ್ಳಬಹುದು. ಅದಕ್ಕೇ ಬರ್ನರ್ ಬಿಚ್ಚಲು ಬರುವ ಗ್ರಿಲ್ಲನ್ನೇ ಆರಿಸಿ. ಹಚ್ಚುವಾಗ ಮುಚ್ಚಳ ತೆರೆದಿರಲಿ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಸೋರಿಕೆಗೆ ಸಹಾಯವಾಣಿ 1906.

ಕೈ ಹೋಗದ ಕಡೆ ಕೊಳೆ ಹೋಗುತ್ತದೆ

ವುಜೂ ಮಾಡುವಾಗ ಬೆರಳ ಸಂದಿಗೂ ನೀರು ಮುಟ್ಟಿಸುವ ಸಮುದಾಯ ನಮ್ಮದು. ಅದೇ ಕಣ್ಣಿನಿಂದ ಗ್ರಿಲ್ಲನ್ನೂ ನೋಡಿ. ಕೊಬ್ಬಿನ ತಟ್ಟೆ ಹೊರಗೆ ಎಳೆಯಲು ಬರುತ್ತದೆಯೇ? ಜಾಲರಿ, ಇಳಿಜಾರು ತಗಡು, ಬರ್ನರ್ ಎಲ್ಲವೂ ಬಿಚ್ಚಿ ತೊಳೆಯಲು ಬರುತ್ತವೆಯೇ? ಮೂಲೆಗಳಿಗೆ ನಿಮ್ಮ ಕೈ ಹೋಗುತ್ತದೆಯೇ? ವೆಲ್ಡಿಂಗ್ ಉಬ್ಬು, ಚೂಪು ಅಂಚುಗಳು ಕೈ ಕೊಯ್ಯುವಂತಿವೆಯೇ? ಕಳೆದ ಹಬ್ಬದ ಕೊಬ್ಬು ತಟ್ಟೆಯಲ್ಲೇ ಉಳಿದರೆ ಜಿರಲೆ, ಇಲಿಗೆ ಔತಣ. ಇಲಿ ಪೈಪನ್ನೂ ಕಡಿಯುತ್ತದೆ. ಹಳೆ ಕೊಬ್ಬಿಗೆ ಮುಂದಿನ ಸಲ ಬೆಂಕಿ ಹತ್ತುವುದೂ ಉಂಟು. ಹಾಗಾದರೆ ಗ್ಯಾಸ್ ಮುಚ್ಚಿ, ಮುಚ್ಚಳ ಹಾಕಿ. ಉರಿಯುವ ಕೊಬ್ಬಿಗೆ ನೀರು ಎರಚಬಾರದು.

ತಂತಿಯ ಬ್ರಷ್ ಬಗ್ಗೆ ಒಂದು ಮಾತು. ಗ್ರಿಲ್ ಉಜ್ಜುವ ಬ್ರಷ್ಷಿನ ಎಳೆ ಮುರಿದು ಮಾಂಸದ ಜೊತೆ ಗಂಟಲು, ಕರುಳಿಗೆ ಚುಚ್ಚಿಕೊಂಡ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ವರದಿ ಮಾಡಿದೆ. ಜಾಲರಿ ಬೆಚ್ಚಗಿರುವಾಗಲೇ ಅರ್ಧ ಈರುಳ್ಳಿಯಿಂದ ಉಜ್ಜಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಮುಚ್ಚಳದ ಮೇಲಿನ ಗಡಿಯಾರದಂಥ ಉಷ್ಣಮಾಪಕ ನೋಡಿ ಮಾಂಸ ಬೆಂದಿತೆಂದು ತಿಳಿಯಬೇಡಿ. ಅದು ಒಳಗಿನ ಗಾಳಿಯ ಬಿಸಿ ಹೇಳುತ್ತದೆ, ಮಾಂಸದ್ದಲ್ಲ. ಖೀಮಾ ಕಬಾಬಿನ ಒಳಭಾಗ 71 ಡಿಗ್ರಿ, ಕೋಳಿ 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಚುಚ್ಚಿ ನೋಡುವ ಚಿಕ್ಕ ಥರ್ಮಾಮೀಟರ್, ಹೊಳೆಯುವ ನಾಬುಗಳಿಗಿಂತ ಹೆಚ್ಚು ಉಪಯೋಗದ್ದು. ನಮ್ಮ ಬಿಸಿಲಿನಲ್ಲಿ ಮಸಾಲೆ ಹಚ್ಚಿದ ಹಸಿ ಮಾಂಸವನ್ನು ಒಂದು ತಾಸಿಗಿಂತ ಹೆಚ್ಚು ಹೊರಗಿಡಬೇಡಿ. ಹಬ್ಬದ ಮರುದಿನ ದವಾಖಾನೆಗೆ ಬರುವ ವಾಂತಿ ಭೇದಿಗೆ ಇದೇ ದೊಡ್ಡ ಕಾರಣ.

ಎಲ್ಲಿಡುತ್ತೀರಿ?

ಗ್ರಿಲ್ ಬಯಲಿನ ಸಾಧನ, ಅಡುಗೆಮನೆಯದ್ದಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ನಾಲ್ಕು ಗೋಡೆಯ ನಡುಮನೆ, ತಗಡಿನ ಶೆಡ್ಡು, ಮೆಟ್ಟಿಲ ಕೆಳಗಿನ ಜಾಗ ಬೇಡ. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಹಿತ್ತಲಲ್ಲೇ ಕಣಿಕೆಯ ಬಣವೆ ಇರುತ್ತದೆ. ಗಂಗಾವತಿ ಕಡೆ ನೆಲ್ಲುಹುಲ್ಲಿನ ಬಣವೆ. ಜೊತೆಗೆ ನಮ್ಮ ಬಯಲುಸೀಮೆಯ ಗಾಳಿ. ಬಣವೆಯಿಂದ ದೂರ, ಗಾಳಿಗೆ ಬೆನ್ನು ಮಾಡಿ ಇಡಿ. ಗ್ರಿಲ್ಲಿನ ಕಾಲು ಅಲುಗಾಡಬಾರದು, ಗಾಲಿಗಳಿಗೆ ಲಾಕ್ ಇರಬೇಕು. ಹಿಡಿ ಕಾಯಬಾರದು. ಹಬ್ಬದ ದಿನ ಮಕ್ಕಳು ಓಡಾಡುತ್ತಾರೆ; ಕೈತಾಗಿ ಉರುಳುವ ಗ್ರಿಲ್ ಎಷ್ಟು ಚೆಂದವಿದ್ದರೂ ಬೇಡ. ಮಲಗುವ ಮುನ್ನ ಬೆಂಕಿ ಆರಿಸಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಇಂದು ಅದರ ಅರ್ಥ ಸಿಲಿಂಡರಿನ ರೆಗ್ಯುಲೇಟರನ್ನೂ ಬಂದ್ ಮಾಡುವುದು.

ಪ್ರತಿ ಮನೆಗೂ ಬೇಕೇ?

ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಾಲ್ಕು ಬರ್ನರಿನ ದೊಡ್ಡ ಗ್ರಿಲ್ ನಮ್ಮ ಹೆಚ್ಚಿನ ಮನೆಗಳಿಗೆ ಬೇಕಿಲ್ಲ. ಒಂದೊಂದು ಬರ್ನರ್ ಮೂರು ಕಿಲೋವ್ಯಾಟ್ ಎಂದುಕೊಳ್ಳಿ. ಪೂರ್ತಿ ಉರಿಯಲ್ಲಿ ತಾಸಿಗೆ ಸುಮಾರು 900 ಗ್ರಾಂ ಗ್ಯಾಸ್ ಬೇಕು. 14.2 ಕಿಲೋದ ಸಿಲಿಂಡರ್ ಹದಿನಾರು ತಾಸಿಗೇ ಖಾಲಿ. ವರ್ಷಕ್ಕೆ ಎರಡು ಮೂರು ಸಲ ಬಳಸಿ ಉಳಿದ ದಿನ ತುಕ್ಕು ಹಿಡಿಸುವ ವಸ್ತುವಿಗೆ ಸಾಲ ಮಾಡುವುದನ್ನು ಇಸ್ರಾಫ್ ಎನ್ನದೆ ಏನೆನ್ನಬೇಕು? ಹತ್ತು ಮನೆಯವರು ಹತ್ತು ತೆಳು ತಗಡಿನ ಗ್ರಿಲ್ ಕೊಳ್ಳುವ ಬದಲು ಮೊಹಲ್ಲಾದವರು ಸೇರಿ ಗಟ್ಟಿಯಾದ ಒಂದನ್ನು ಕೊಳ್ಳಲಿ. ಜಮಾಅತಿನಲ್ಲಿ ದೊಡ್ಡ ದೇಗ್‌ಗಳನ್ನು ಸರದಿಯ ಮೇಲೆ ಕೊಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಗ್ರಿಲ್ಲೂ ಹಾಗೇ ಇರಲಿ, ತೊಳೆದು ಮರಳಿಸುವ ಶರತ್ತಿನ ಮೇಲೆ.

ರಮಝಾನ್ ಸಂಜೆಗಳಲ್ಲಿ ಕಬಾಬ್ ಮಾರುವ ಸಹೋದರರೇ, ನಿಮಗೆ ಮನೆಬಳಕೆಯ ಸಿಲಿಂಡರ್ ಬಳಸಲು ಕಾನೂನಿನಲ್ಲಿ ಅವಕಾಶವಿಲ್ಲ. 19 ಕಿಲೋದ ವಾಣಿಜ್ಯ ಸಿಲಿಂಡರನ್ನೇ ತನ್ನಿ. ದಿನವೂ ಆ ಹೊಗೆಯಲ್ಲಿ ನಿಲ್ಲುವವರು ನೀವು. ಕೊಬ್ಬು ಉರಿಗೆ ಬೀಳದ ಗ್ರಿಲ್ ಎಲ್ಲರಿಗಿಂತ ಮೊದಲು ನಿಮಗೆ ಬೇಕು.

ಸುಟ್ಟ ಮಾಂಸದ ಮಿಜಾಜ್ ಬಿಸಿ ಮತ್ತು ಒಣ. ಮೊಸರು, ಪುದೀನ, ಸೌತೆಕಾಯಿಯ ಕಚುಂಬರ್ ಜೊತೆಗಿರಲಿ. ಕೊಬ್ಬು ಬಿಡಿಸಿ, ಮೊಸರಿನ ಮಸಾಲೆ ಹಚ್ಚಿ, ಸಣ್ಣ ಉರಿಯಲ್ಲಿ ತಿರುಗಿಸುತ್ತ ಬೇಯಿಸಿ. ಕಪ್ಪಾದ ಭಾಗ ಕತ್ತರಿಸಿ ಬಿಡಿ. ನಮ್ಮ ಹಬ್ಬದ ಊಟ ಯಾರ ದೇಹಕ್ಕೂ ಕೇಡಾಗದಂತೆ ಅಲ್ಲಾಹನು ಕಾಪಾಡಲಿ, ಆಮೀನ್.