ವಿದ್ಯಾರ್ಥಿಗೊಂದು ಬಾಡಿಗೆ ಕೋಣೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನೊಳಗೊಂಡ ನಮ್ಮ ಶೈಕ್ಷಣಿಕ ಜಿಲ್ಲೆಯಿಂದ ಉನ್ನತ ವ್ಯಾಸಂಗಕ್ಕಾಗಿ ತುಮಕೂರಿಗೋ ಬೆಂಗಳೂರಿಗೋ ಹೊರಡುವ ವಿದ್ಯಾರ್ಥಿಯು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂಡುವ ಮುನ್ನ ಮನೆ ಮಾಲೀಕರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗುತ್ತದೆ. ಅಂಕಪಟ್ಟಿಯಿಲ್ಲದ ಈ ಪರೀಕ್ಷೆಯ ಬಗ್ಗೆ ನಾವು ಸಾಕಷ್ಟು ಚಿಂತಿಸಿಲ್ಲವೆಂದು ನನ್ನ ಅಭಿಪ್ರಾಯ.

2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡ ಮೇಲೆ ಸ್ನಾತಕೋತ್ತರ ಪದವಿಗಾಗಿ ಬೆಂಗಳೂರು, ಮೈಸೂರುಗಳ ದಾರಿ ಹಿಡಿಯಲೇಬೇಕೆಂಬ ನಿರ್ಬಂಧ ತಪ್ಪಿತು. ಕೊರಟಗೆರೆಯವರು ದಿನವೂ ಬಸ್ಸಿನಲ್ಲಿ ಹೋಗಿ ಬರಬಲ್ಲರು. ಮಧುಗಿರಿ, ಶಿರಾದವರೂ ಹೇಗೋ ನಿಭಾಯಿಸುತ್ತಾರೆ. ಆದರೆ ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು. ಆಂಧ್ರದ ಅಂಚಿನ ಹಳ್ಳಿಯವನಿಗೆ ಇನ್ನೂ ಹೆಚ್ಚು. ಅವನಿಗೆ ಊರಿನಲ್ಲಿ ನೆಲೆಯಿಲ್ಲದೆ ಓದಿಲ್ಲ.

ವಿದ್ಯಾರ್ಥಿನಿಲಯಗಳಿಲ್ಲವೇ ಎಂದು ಕೇಳಬಹುದು. ಇವೆ, ಅವುಗಳ ಉಪಕಾರವೂ ದೊಡ್ಡದು. ಆದರೆ ಕಾಲೇಜಿಗೆ ಸೇರಿದ ಮೇಲೆ ಅರ್ಜಿ, ಅರ್ಜಿಯ ಮೇಲೆ ಆಯ್ಕೆಪಟ್ಟಿ. ಅಷ್ಟರಲ್ಲಿ ಪಾಠಗಳು ಆರಂಭವಾಗಿರುತ್ತವೆ. ಸ್ಥಳ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು ಸರ್ಕಾರವು 2013-14ರಲ್ಲಿ ‘ವಿದ್ಯಾಸಿರಿ’ ಯೋಜನೆಯನ್ನು ತಂದು, ಊಟ ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ನೆರವು ನಿಗದಿ ಮಾಡಿತು. ಸದುದ್ದೇಶದ ಕ್ರಮವೇ ಸರಿ. ಆ ಹಣದಲ್ಲಿ ಊಟವನ್ನೂ ಕೋಣೆಯನ್ನೂ ಒಟ್ಟಿಗೆ ಕೊಡುವ ಮಾಲೀಕರನ್ನು ನಾನಂತೂ ಕಂಡಿಲ್ಲ.

ಇನ್ನು ಕೋಣೆ ಹುಡುಕುವವನ ಪಾಡು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ವಾಡಿಕೆ. ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ಉಂಟು. ವರ್ಷಾವಧಿಯ ಕರಾರಾದರೆ ನೋಂದಣಿ ಕಡ್ಡಾಯವೆಂದು ಹನ್ನೊಂದು ತಿಂಗಳಿಗೇ ಪತ್ರ ಬರೆಯುತ್ತಾರೆ. ಹನ್ನೆರಡನೆಯ ತಿಂಗಳು ಪರೀಕ್ಷೆಯ ಕಾಲವಾದರೆ ಹುಡುಗ ಪುಸ್ತಕ ಹಿಡಿಯಬೇಕೋ ಗಂಟುಮೂಟೆ ಕಟ್ಟಬೇಕೋ?

ಇದೆಲ್ಲವನ್ನೂ ಸಾಲಮಾಡಿಯಾದರೂ ದಾಟಬಹುದು. ದಾಟಲಾಗದ್ದು ಇನ್ನೊಂದಿದೆ. ಕೋಣೆ ತೋರಿಸಿ, ಬಾಡಿಗೆ ಒಪ್ಪಿ, ಬೀಗದ ಕೈ ಕೊಡುವ ಮುನ್ನ ಕೇಳುವ ಪ್ರಶ್ನೆ: “ನೀವು ಯಾವ ಜನ?” ಉತ್ತರ ಕೇಳಿದೊಡನೆ ಕೋಣೆಗೆ ಇದ್ದಕ್ಕಿದ್ದಂತೆ ಯಾರೋ ನೆಂಟರು ಬರುವವರಾಗುತ್ತಾರೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕವೂ ಅನೇಕ ವೇಳೆ ಇದೇ ಪ್ರಶ್ನೆಯ ನಯವಾದ ರೂಪ. ಹುಡುಗರಾದರೆ ಸ್ನೇಹಿತನ ಕೋಣೆಯಲ್ಲಿ ಚಾಪೆ ಹಾಸಿಕೊಂಡಾರು. ಹೆಣ್ಣುಮಗಳೊಂದಿಗೆ ಬಂದ ತಂದೆ ಮಾತ್ರ ಸಂಜೆಯ ಬಸ್ಸಿಗೆ ಅವಳನ್ನು ಊರಿಗೇ ಕರೆದೊಯ್ಯುತ್ತಾನೆ. ಆ ಹುಡುಗಿ ಓದು ಬಿಟ್ಟದ್ದಕ್ಕೆ ಕಾರಣ ಯಾವ ದಾಖಲೆಯಲ್ಲೂ ಬರೆಯಲ್ಪಡುವುದಿಲ್ಲ.

ಮಾಲೀಕರ ಅಳುಕನ್ನೂ ಅಲ್ಲಗಳೆಯಲಾಗದು. ನಿವೃತ್ತಿಯ ಹಣವನ್ನೆಲ್ಲ ಸುರಿದು ಕಟ್ಟಿದ ಮನೆ. ಬಾಡಿಗೆ ನಿಂತರೆ, ಗದ್ದಲವಾದರೆ ಯಾರನ್ನು ಕೇಳುವುದು? ಅದಕ್ಕೆ ಪರಿಹಾರ ಪರಿಚಯಪತ್ರ, ಜಾಮೀನು. ಜಾತಿಯು ಎಂದೂ ಬಾಡಿಗೆಗೆ ಜಾಮೀನಾದದ್ದಿಲ್ಲ.

ಬಾಡಿಗೆಯೆಂದರೆ ನಮ್ಮವರಿಗೆ ಅಪರಿಚಿತವೂ ಅಲ್ಲ. ಪಾವಗಡದ ಸೌರ ವಿದ್ಯುತ್ ಪಾರ್ಕಿಗೆ ಸುಮಾರು 13,000 ಎಕರೆ ಜಮೀನನ್ನು ಎಕರೆಗೆ ವಾರ್ಷಿಕ 21,000 ರೂಪಾಯಿಯಿಂದ ಮೊದಲ್ಗೊಂಡು ಗುತ್ತಿಗೆಗೆ ಕೊಟ್ಟ ರೈತರಿದ್ದಾರೆ. ಆ ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಕೋಣೆಯ ಮುಂಗಡಕ್ಕೆ ಪರದಾಡುವವರು ಅವರ ಮಕ್ಕಳು.

ವಾರಾನ್ನ ಉಂಡು ಓದಿದ ಹಿರಿಯರ ಕಥೆಗಳನ್ನು ಕೇಳಿ ಬೆಳೆದವರು ನಾವು. ನಮ್ಮ ಜಿಲ್ಲೆಯ ವರ್ತಕರಾದ ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲುನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. ವಿದ್ಯಾರ್ಥಿಗಳ ವಸತಿಗೂ ದಾನವಿತ್ತರು. ಅಷ್ಟು ದೊಡ್ಡ ದಾನವನ್ನು ನಾನಿಲ್ಲಿ ಯಾಚಿಸುತ್ತಿಲ್ಲ. ತುಮಕೂರು, ಬೆಂಗಳೂರುಗಳಲ್ಲಿ ಮನೆಗಳನ್ನುಳ್ಳ ನಮ್ಮ ಹಳೆಯ ವಿದ್ಯಾರ್ಥಿಗಳು, ದಾನಿಗಳು ತಲಾ ಒಂದು ಕೋಣೆಯನ್ನು ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಮೀಸಲಿಡಲಿ. ನ್ಯಾಯವಾದ ಬಾಡಿಗೆ ಪಡೆಯಲಿ, ಎರಡು ತಿಂಗಳಿಗೆ ಮೀರದ ಮುಂಗಡ ಪಡೆದು ರಸೀದಿ ಕೊಡಲಿ, ಕರಾರನ್ನು ಪರೀಕ್ಷೆ ಮುಗಿಯುವವರೆಗೆ ನಡೆಸಲಿ. ಜಾತಿಯನ್ನು ಕೇಳದಿರಲಿ.

ಹುಡುಗನ ನಡತೆಯ ಬಗ್ಗೆ ಅವನಿಗೆ ಪಾಠ ಹೇಳಿದ ಉಪಾಧ್ಯಾಯರು ಪತ್ರ ಬರೆದುಕೊಡಬಹುದು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಇಂತಹ ಕೋಣೆಗಳ ವಿವರವಿರುವ ಒಂದು ಪುಸ್ತಕವನ್ನಿಟ್ಟು, ಪಿ.ಯು.ಸಿ. ಫಲಿತಾಂಶ ಪ್ರಕಟವಾಗುವ ಮುನ್ನವೇ ಅದರ ಮೊದಲ ಪುಟವಾದರೂ ತುಂಬುವಂತೆ ನೋಡಿಕೊಳ್ಳಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ.