ಹೊಟ್ಟೆಬಾಕನೆಂಬ ಅಪವಾದ

ಉತ್ತರದ ಹಿಮನಾಡುಗಳಲ್ಲಿ ವುಲ್ವರೀನ್ ಎಂಬ ಪ್ರಾಣಿಯಿದೆ. ನೋಟಕ್ಕೆ ಪುಟ್ಟ ಕರಡಿ. ಕುಲದಲ್ಲಿ ನೀರುನಾಯಿಯ ಬಂಧು. ಅದರ ಶಾಸ್ತ್ರೀಯ ನಾಮ 'ಗುಲೊ ಗುಲೊ'. ಗುಲೊ ಎಂದರೆ ಲ್ಯಾಟಿನ್ನಿನಲ್ಲಿ ಹೊಟ್ಟೆಬಾಕ. ಒಮ್ಮೆ ಜರೆದದ್ದು ಸಾಲದೆಂಬಂತೆ ಎರಡು ಬಾರಿ. ಇದು ಹೊಟ್ಟೆ ಬಿರಿಯುವಷ್ಟು ತಿಂದು, ಇಕ್ಕಟ್ಟಾದ ಮರಗಳ ನಡುವೆ ನುಸುಳಿ ಒಡಲು ಬರಿದುಮಾಡಿಕೊಂಡು, ಮತ್ತೆ ತಿನ್ನುತ್ತದೆಂದು 1555ರಲ್ಲಿ ಸ್ವೀಡನ್ನಿನ ಪಾದ್ರಿ ಓಲೌಸ್ ಮ್ಯಾಗ್ನಸ್ ಬರೆದ. ಕಥೆ ಸುಳ್ಳಾಯಿತು; ಅಪವಾದ ಉಳಿಯಿತು.

ವಾಸ್ತವ ಬೇರೆ. ಸ್ಕ್ಯಾಂಡಿನೇವಿಯದಲ್ಲಿ ಇದು ಬಹುಮಟ್ಟಿಗೆ ಲಿಂಕ್ಸ್ ಕೊಂದು ಬಿಟ್ಟ ಹಿಮಸಾರಂಗದ ಶೇಷವನ್ನು ಆಶ್ರಯಿಸಿದೆ. ತೋಳಗಳ ಕೈಗೆ ಸಿಕ್ಕರೆ ಪ್ರಾಣವೇ ಹೋದೀತು. ಆದ್ದರಿಂದ ದೊರೆತ ಮಾಂಸವನ್ನು ತುಂಡರಿಸಿ, ಹೊತ್ತೊಯ್ದು, ಹಿಮದಲ್ಲಿಯೂ ಬಂಡೆಗಳ ಸಂದಿಯಲ್ಲಿಯೂ ಹೂತಿಡುತ್ತದೆ. ತಾಯಿ ಮರಿಹಾಕುವುದು ಫೆಬ್ರವರಿ-ಮಾರ್ಚಿನ ಕಡುಚಳಿಯಲ್ಲಿ. ಹಾಲೂಡುವ ದಿನಗಳಿಗೆ ಆ ದಾಸ್ತಾನೇ ಆಸರೆ. ದುರಾಸೆಯೆಂದು ನಾವು ಕರೆದದ್ದು ಮುಂದಾಲೋಚನೆ.

ಆದರೆ ಹಿಮಸಾರಂಗ ಸಾಕುವ ಸಾಮಿ ಜನರ ನಷ್ಟವೂ ಕಟ್ಟುಕಥೆಯಲ್ಲ. ಅವರ ಹಿಂಡಿನಿಂದಲೂ ಇದು ಕೊಲ್ಲುತ್ತದೆ. ಅಲ್ಲಿ ಸ್ವೀಡನ್ 1996ರಲ್ಲಿ ಹೊಸ ಹಾದಿ ಹಿಡಿಯಿತು: ಸತ್ತ ಹಿಮಸಾರಂಗಗಳನ್ನು ಎಣಿಸುವ ಬದಲು, ಸಾಮಿ ಸಮುದಾಯಗಳ ನೆಲದಲ್ಲಿ ವುಲ್ವರೀನ್ ಮರಿಹಾಕಿದ್ದು ದೃಢಪಟ್ಟರೆ ಆ ಸಮುದಾಯಕ್ಕೆ ಹಣ. ನಮ್ಮಲ್ಲಿ ಸಾಮಾನ್ಯವಾಗಿ ಚಿರತೆ ಕೊಂದ ಹಸುವಿಗೆ ಪರಿಹಾರವುಂಟು, ಚಿರತೆಯ ಬದುಕಿಗೆ ಬೆಲೆಯಿಲ್ಲ. ಕಡತಗಳ ನಡುವೆಯೇ ವಯಸ್ಸು ಸವೆಸುತ್ತಿರುವ ನನಗೆ, ಸಾವಿಗೆ ಪುರಾವೆ ಕೇಳುವ ನೀತಿಗಿಂತ ಬದುಕಿಗೆ ಪುರಾವೆ ಕೇಳುವ ನೀತಿಯೇ ಹೆಚ್ಚು ವಿವೇಕದ್ದೆನಿಸುತ್ತದೆ.